ಗೋರಿಗಳ ಸಾಲಿನಾಚೆಯ ಚಿಮಣಿ

ನನ್ನ ಓದುವ ಕೋಣೆಯ ಗೋಡೆಯ ಮೇಲೆ ಸುಮಾರು ನಲವತ್ತು ವರ್ಷಗಳಿಂದ ಒಂದು ಚಿತ್ರ ತೂಗುತ್ತಿದೆ. ಅಚ್ಚಾದ ಪ್ರತಿ, ಅಷ್ಟೆ. ಹಳೆಯ ಪುಸ್ತಕಗಳನ್ನು ಕಾಲುದಾರಿಯ ಮೇಲೆ ಹರಡಿಕೊಂಡು ಕೂರುವ ವ್ಯಾಪಾರಿಯೊಬ್ಬನಲ್ಲಿ, ಯಾವುದೋ ವಿದೇಶೀ ಪಂಚಾಂಗದಿಂದ ಹರಿದು ತೆಗೆದ ಹಾಳೆಯಾಗಿ ಅದು ನನಗೆ ದೊರೆಯಿತು. ಹಾಳೆಗೆ ಕೊಟ್ಟ ಹಣಕ್ಕಿಂತ ಗಾಜು ಕಟ್ಟಿಸುವುದಕ್ಕೆ ಕೊಟ್ಟ ಹಣವೇ ಹೆಚ್ಚಾಯಿತು. ಚಿತ್ರ ವಿನ್ಸೆಂಟ್ ವ್ಯಾನ್ ಗೋ ಎಂಬ ಡಚ್ ಕಲಾವಿದ 1888ರಲ್ಲಿ ಬರೆದದ್ದು. ದಕ್ಷಿಣ ಫ್ರಾನ್ಸಿನ ಆರ್ಲ್ ಎಂಬ ಪಟ್ಟಣದಲ್ಲಿರುವ ಆಲಿಸ್ಕಾಂ ಎಂಬ ಪುರಾತನ ರುದ್ರಭೂಮಿಯ ನೋಟ ಅದು.

ಎತ್ತರವಾದ ಪಾಪ್ಲರ್ ಮರಗಳ ಎರಡು ಸಾಲು, ನಡುವೆ ದೂರಕ್ಕೆ ಕಿರಿದಾಗುತ್ತ ಹೋಗುವ ಒಂದು ಹಾದಿ, ಹಾದಿಯ ಇಕ್ಕೆಲಗಳಲ್ಲಿ ಕಲ್ಲಿನಲ್ಲಿ ಕಡೆದ ಹಳೆಯ ಶವಪೆಟ್ಟಿಗೆಗಳು, ಶರತ್ಕಾಲದ ಹಳದಿ, ಆ ಹಳದಿಯ ನಡುವೆ ನಡೆದುಹೋಗುತ್ತಿರುವ ಒಂದೆರಡು ಮನುಷ್ಯಾಕೃತಿಗಳು. ಮನೆಗೆ ಬಂದ ಮಿತ್ರರಿಗೆಲ್ಲ ನಾನು ಇದನ್ನು ವಿವರಿಸುತ್ತಿದ್ದೆ. ಆಗ ನಾನು ಮೈಸೂರಿನಲ್ಲಿ ಅಧ್ಯಾಪಕ. ವಿವರಿಸುವುದು ವೃತ್ತಿಯೂ ಹೌದು, ಚಟವೂ ಹೌದು. ಮರಣದ ನಡುವೆ ಪ್ರೇಮ, ಉದುರುವ ಎಲೆಗಳ ನಡುವೆ ಉಳಿಯುವ ಕಲ್ಲು, ಕಾಲದ ಅನಂತತೆ ಎಂದು ಮುಂತಾಗಿ ಒಂದು ಪುಟ್ಟ ಉಪನ್ಯಾಸವೇ ನನ್ನ ನಾಲಗೆಯ ತುದಿಯಲ್ಲಿ ಸಿದ್ಧವಾಗಿರುತ್ತಿತ್ತು. ಕೇಳಿದವರು ತಲೆದೂಗುತ್ತಿದ್ದರು. ನನಗೂ ಅದರಲ್ಲಿ ತೃಪ್ತಿಯಿತ್ತು.

ಹೀಗಿರಲು 1986ರ ಬೇಸಗೆಯಲ್ಲಿ ನನ್ನ ತಂದೆಯವರು ಹುಬ್ಬಳ್ಳಿಯಿಂದ ನಮ್ಮಲ್ಲಿಗೆ ಬಂದರು. ಅವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಚಿತ್ರಕಲೆಯ ಗೊಡವೆ ಅವರಿಗಿರಲಿಲ್ಲ. ಒಂದು ಸಂಜೆ ಕೈಯಲ್ಲಿ ಚಹದ ಬಟ್ಟಲನ್ನು ಹಿಡಿದು ಆ ಚಿತ್ರದೆದುರು ಬಹಳ ಹೊತ್ತು ನಿಂತರು. ಉಪನ್ಯಾಸಕ್ಕೆ ಅವಕಾಶ ದೊರೆಯಿತೆಂದು ನಾನು ಹತ್ತಿರ ಹೋದೆ.

“ತಮ್ಮಾ, ಇದು ಯಾವ ಕಾರಖಾನಿ?” ಎಂದರು.

ಕಾರ್ಖಾನೆಯಲ್ಲ, ಅದು ಸ್ಮಶಾನ, ಎರಡು ಸಾವಿರ ವರ್ಷ ಹಳೆಯದು ಎಂದೆ.

“ಹೌದಪಾ, ಗೋರಿ ನನಗೂ ಕಾಣತಾವ. ನಾ ಕೇಳೂದು ಆ ಮರದ ಹಿಂದಿನ ಚಿಮಣೀದು.”

ನಾನು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದೆ. ಮರಗಳ ಸಂದಿಯಲ್ಲಿ, ಸಾಲಿನಾಚೆಗೆ, ಉದ್ದನೆಯ ಕಟ್ಟಡಗಳೂ ಅವುಗಳ ಮೇಲೆ ಹೊಗೆಕೊಳವೆಗಳೂ ಇದ್ದುವು. ಅವು ಅಲ್ಲಿ ಮೊದಲಿನಿಂದಲೂ ಇದ್ದುವು. ದಿನವೂ ಅದೇ ಚಿತ್ರದ ಕೆಳಗೆ ಕುಳಿತು ಓದುತ್ತಿದ್ದ ನಾನು ಅವನ್ನು ಕಂಡಿರಲಿಲ್ಲ ಎಂದರೆ ನಂಬುವುದು ಕಷ್ಟ. ಕಂಡಿದ್ದೆನೇನೋ, ಆದರೆ ನನ್ನ ಉಪನ್ಯಾಸದಲ್ಲಿ ಅವಕ್ಕೆ ಸ್ಥಳವಿರಲಿಲ್ಲವಾದ್ದರಿಂದ ಕಣ್ಣು ಅವನ್ನು ದಾಟಿ ಹೋಗುತ್ತಿತ್ತು. ಯಾವುದೋ ಕಾರ್ಖಾನೆಯಿರಬೇಕು ಎಂದು ನುಣುಚಿಕೊಂಡೆ. ತಂದೆಯವರು ಇನ್ನಷ್ಟು ಹೊತ್ತು ನೋಡಿ, “ರೇಲ್ವೇದ ವರ್ಕಶಾಪ ಇದ್ದಂಗ ಕಾಣತೈತಿ” ಎಂದು ಬಟ್ಟಲನ್ನು ಒಳಗಿಡಲು ಹೋದರು.

ಆ ಮಾತನ್ನು ನಾನು ಆಗ ಗಣಿಸಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಭೋಂಗಾ ಕೂಗಿದೊಡನೆ ಬುತ್ತಿ ಹಿಡಿದು ಹೊರಟವರು ಜಗತ್ತಿನ ಯಾವ ಚಿಮಣಿಯನ್ನು ಕಂಡರೂ ತಮ್ಮದೆಂದೇ ಎಣಿಸುವರು ಎಂದು ಒಳಗೊಳಗೇ ನಕ್ಕೆ. ಈ ಲೇಖನವನ್ನು ಬರೆಯಲು ಆ ನಗುವೇ ಕಾರಣವೆಂದರೆ ತಪ್ಪಾಗದು.

ಆಲಿಸ್ಕಾಂ ಎಂಬುದು ‘ಎಲಿಸಿಯ ಬಯಲು’ ಎಂಬರ್ಥದ ಲ್ಯಾಟಿನ್ ಹೆಸರಿನ ಅಪಭ್ರಂಶ. ಪುಣ್ಯಾತ್ಮರು ಸತ್ತ ಮೇಲೆ ಸೇರುವ ಲೋಕಕ್ಕೆ ಗ್ರೀಕರೂ ರೋಮನರೂ ಇಟ್ಟ ಹೆಸರದು. ರೋಮನರು ಊರಿನೊಳಗೆ ಹೆಣವನ್ನು ಹೂಳುತ್ತಿರಲಿಲ್ಲ. ಊರಬಾಗಿಲನ್ನು ದಾಟಿದ ಹೆದ್ದಾರಿಯ ಬದಿಯಲ್ಲಿ ಗೋರಿಗಳನ್ನು ಕಟ್ಟುತ್ತಿದ್ದರು. ಆರ್ಲಿಗೆ ಬರುತ್ತಿದ್ದ ಔರೇಲಿಯಾ ಹೆದ್ದಾರಿಯ ಪಕ್ಕದಲ್ಲಿ ಹೀಗೆ ಬೆಳೆದದ್ದು ಈ ಸ್ಮಶಾನ. ಮುಂದೆ ಕ್ರೈಸ್ತಧರ್ಮ ಬಂದಮೇಲೆ ಹುತಾತ್ಮನಾದ ಸೇಂಟ್ ಜೆನೀಸಿಯಸನನ್ನು ಇಲ್ಲಿ ಹೂಳಿದರೆಂಬ ನಂಬಿಕೆಯಿಂದ ಇದರ ಕೀರ್ತಿ ಇಮ್ಮಡಿಯಾಯಿತು. ಇಲ್ಲಿ ಮಣ್ಣಾಗಬೇಕೆಂದು ದೂರದೂರದವರು ಹಂಬಲಿಸಿದರು. ರೋನ್ ನದಿಯ ಮೇಲ್ದಂಡೆಯ ಊರುಗಳವರು ಹೆಣವನ್ನು ಪೀಪಾಯಿಯಲ್ಲಿಟ್ಟು, ಹೂಳುವ ಕೂಲಿಯ ಹಣವನ್ನೂ ಜೊತೆಗಿಟ್ಟು, ಪ್ರವಾಹಕ್ಕೆ ಬಿಡುತ್ತಿದ್ದರಂತೆ; ಆರ್ಲಿನವರು ಅದನ್ನು ಹಿಡಿದು ದಡಕ್ಕೆಳೆದು ಮಣ್ಣುಮಾಡುತ್ತಿದ್ದರಂತೆ. ಮಧ್ಯಯುಗದ ಗ್ರಂಥಗಳು ಹೇಳುವ ಕಥೆಯಿದು. ಎಷ್ಟು ನಿಜವೋ ಎಷ್ಟು ಐತಿಹ್ಯವೋ, ಕಾಶಿಯಲ್ಲಿ ಸಾಯಲು ಹಂಬಲಿಸುವ ನಾಡಿನವರಾದ ನಮಗೆ ಅದು ವಿಚಿತ್ರವಾಗಿ ತೋರಬೇಕಾಗಿಲ್ಲ. ಮಹಾಕವಿ ಡಾಂಟೆಯೂ ತನ್ನ ನರಕವರ್ಣನೆಯ ಒಂಬತ್ತನೆಯ ಸರ್ಗದಲ್ಲಿ ಆರ್ಲಿನ ಗೋರಿಗಳನ್ನು ನೆನೆದಿದ್ದಾನೆ.

ಇಷ್ಟು ಹೇಳಿದರೆ ಓದುಗರ ಕಣ್ಣ ಮುಂದೆ ಒಂದು ಪವಿತ್ರವಾದ, ಅಖಂಡವಾದ ಪ್ರಾಚೀನತೆಯ ಚಿತ್ರ ನಿಲ್ಲಬಹುದು. ನಿಜಸ್ಥಿತಿ ಹಾಗಿಲ್ಲ. 1152ರಲ್ಲಿ ಸೇಂಟ್ ಟ್ರೋಫೀಮನ ಅವಶೇಷಗಳನ್ನು ಊರೊಳಗಿನ ಪ್ರಧಾನ ಚರ್ಚಿಗೆ ಸಾಗಿಸಿದ ಮೇಲೆ ಈ ಸ್ಥಳದ ಮಹಿಮೆ ಇಳಿಮುಖವಾಯಿತು. ಮುಂದಿನ ಶತಮಾನಗಳಲ್ಲಿ ನಗರದ ಹಿರಿಯರು ಇಲ್ಲಿನ ಕೆತ್ತನೆಯ ಶವಪೆಟ್ಟಿಗೆಗಳನ್ನು ಬಂದ ರಾಜಮಹಾರಾಜರಿಗೆ ಕಾಣಿಕೆಯಾಗಿ ಕೊಡತೊಡಗಿದರು. ಫ್ರಾನ್ಸಿನ ದೊರೆ ಒಂಬತ್ತನೆಯ ಚಾರ್ಲ್ಸನಿಗಾಗಿ ಅವನ್ನು ಹೇರಿಕೊಂಡು ಹೊರಟ ದೋಣಿ ಭಾರ ತಾಳಲಾರದೆ ರೋನ್ ನದಿಯಲ್ಲಿ ಮುಳುಗಿತು. ಹದಿನಾರನೆಯ ಶತಮಾನದಲ್ಲಿಯೇ ನೀರಾವರಿಯ ಕಾಲುವೆಯೊಂದು ಈ ನೆಲವನ್ನು ಸೀಳಿಕೊಂಡು ಹೋಯಿತು. ಒಳ್ಳೆಯವೆಲ್ಲ ಹಂಚಿಹೋಗಿ ಉಳಿದ ಬರಿಯ ಕಲ್ಲುತೊಟ್ಟಿಗಳನ್ನು ಮಿನಿಮ್ ಪಂಥದ ಸನ್ಯಾಸಿಗಳು ಒಟ್ಟುಗೂಡಿಸಿ ಹಾದಿಯ ಎರಡು ಬದಿಗೂ ಸಾಲಾಗಿ ಜೋಡಿಸಿದರು. ವ್ಯಾನ್ ಗೋ ನೋಡಿದ್ದು ಆ ಸಾಲನ್ನು. ಪೆಟ್ಟಿಗೆಗಳು ಇದ್ದೆಡೆಯಲ್ಲಿ ಇರಲಿಲ್ಲ. ಒಳಗೆ ಯಾರೂ ಇರಲಿಲ್ಲ. ಅದು ಸ್ಮಶಾನವೆನ್ನುವುದಕ್ಕಿಂತ ಸ್ಮಶಾನದ ನೆನಪಿಗೆಂದು ಮಾಡಿದ ಉದ್ಯಾನವೆನ್ನುವುದು ಸರಿ. ಆರ್ಲಿನ ಯುವಕ ಯುವತಿಯರು ಸಂಜೆಯ ಹೊತ್ತು ತಿರುಗಾಡಲು ಬರುತ್ತಿದ್ದ ಜಾಗ. ‘ಎರಡು ಸಾವಿರ ವರ್ಷ ಹಳೆಯದು’ ಎಂದು ನಾನು ತಂದೆಯವರಿಗೆ ಎಷ್ಟು ಗಂಭೀರವಾಗಿ ಹೇಳಿದ್ದೆ!

ಇನ್ನು ಚಿಮಣಿಯ ಸಂಗತಿ. ಎರಡು ವರ್ಷ ಕಳೆದ ಮೇಲೆ, ಗ್ರಂಥಾಲಯವೊಂದರಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ, ಈ ಕಲಾವಿದನ ಆರ್ಲ್ ವಾಸವನ್ನು ಕುರಿತ ದೊಡ್ಡ ಗ್ರಂಥವೊಂದು ಕೈಗೆ ಸಿಕ್ಕಿತು. ನಿಂತಲ್ಲಿಯೇ ಪುಟ ತಿರುವಿದೆ. ಮರಗಳ ಹಿಂದಿನ ಕಟ್ಟಡಗಳು ಯಾವುವೆಂದು ಅಲ್ಲಿ ಒಂದೇ ವಾಕ್ಯದಲ್ಲಿ ಹೇಳಿತ್ತು: ಪ್ಯಾರಿಸ್–ಲಿಯಾನ್–ಮೆಡಿಟರೇನಿಯನ್ ರೈಲ್ವೆ ಕಂಪನಿಯ ಕಾರ್ಯಾಗಾರಗಳು.

ನನ್ನ ತಂದೆಯವರು ಊಹಿಸಿದ್ದು ಅಕ್ಷರಶಃ ಸರಿಯಾಗಿತ್ತು.

1840ರ ದಶಕದ ಕೊನೆಯಲ್ಲಿ ಆವಿಞೋನಿನಿಂದ ಮಾರ್ಸೇಲ್ಸಿಗೆ ರೈಲುಹಾದಿ ಬಂತು. ಅದು ಆರ್ಲನ್ನು ಹಾದುಹೋಯಿತು. ಹಾದಿಗೂ ಎಂಜಿನುಗಳನ್ನು ದುರಸ್ತಿಮಾಡುವ ಕಾರ್ಯಾಗಾರಗಳಿಗೂ ನೆಲ ಬೇಕಾಯಿತು. ಆಲಿಸ್ಕಾಂ ಬಯಲಿನ ದೊಡ್ಡ ಭಾಗ ಅದಕ್ಕೆ ಹೋಯಿತು. ಮಧ್ಯಯುಗದಲ್ಲಿ ಹೆಣಗಳು ನದಿಯ ಮೇಲೆ ತೇಲಿ ಬಂದು ತಂಗಿದವೆಂದು ಹೇಳುವ ನೆಲದ ಮೇಲೆ ಕುಲುಮೆಗಳೂ ಹಳಿಗಳೂ ಕೂತುವು. ಸಾವಿರಕ್ಕೂ ಮೇಲ್ಪಟ್ಟು ಜನ ಮುಂದೆ ಅಲ್ಲಿ ದುಡಿದರು. ಉಳಿದದ್ದು ಒಂದು ಹಾದಿ, ತುದಿಯಲ್ಲಿ ಸೇಂಟ್ ಹೊನೊರಾ ಎಂಬ ಹಳೆಯ ಚರ್ಚು.

ಇಷ್ಟು ತಿಳಿದೊಡನೆ ನನ್ನ ಉಪನ್ಯಾಸ ಹೊಸ ರೂಪ ತಾಳಿತು. ಪ್ರಾಚೀನ ಸಂಸ್ಕೃತಿಯನ್ನು ನುಂಗುವ ಯಂತ್ರ, ಗೋರಿಗಳ ಶಾಂತಿಯನ್ನು ಕದಡುವ ಹೊಗೆ, ಕಲಾವಿದನ ಮೌನಪ್ರತಿಭಟನೆ ಎಂದು ನಾನು ಹೇಳತೊಡಗಿದೆ. ಇಂತಹ ಚಿತ್ರವನ್ನು ಕಂಡಾಗ ವಿಮರ್ಶಕರ ಲೇಖನಿಯಿಂದ ತಾವಾಗಿಯೇ ಇಳಿಯುವ ಮಾತುಗಳಿವು. ಈ ವ್ಯಾಖ್ಯಾನವೂ ಮೊದಲಿನಷ್ಟೇ ಸುಲಭದ್ದೆಂದು ಅರಿವಾಗಲು ಇನ್ನೂ ಕೆಲವು ಕಾಲ ಹಿಡಿಯಿತು.

ಏಕೆಂದರೆ ವ್ಯಾನ್ ಗೋ ಚಿಮಣಿಯನ್ನು ಹಗೆಯೆಂದು ಬರೆದವನಲ್ಲ. ಅವನು ಆರ್ಲಿಗೆ ಬಂದದ್ದು ರೈಲಿನಲ್ಲಿ, 1888ರ ಫೆಬ್ರವರಿಯಲ್ಲಿ. ಬಾಡಿಗೆಗೆ ಹಿಡಿದ ಹಳದಿ ಮನೆಯಿದ್ದದ್ದು ರೈಲುನಿಲ್ದಾಣಕ್ಕೆ ಸಮೀಪದಲ್ಲಿ. ಬರೆದ ಚಿತ್ರಗಳನ್ನು ಸುರುಳಿಸುತ್ತಿ ಪ್ಯಾರಿಸಿನಲ್ಲಿದ್ದ ತಮ್ಮ ಥಿಯೋನಿಗೆ ಕಳಿಸುತ್ತಿದ್ದದ್ದು ರೈಲಿನಲ್ಲಿಯೇ. ಅಕ್ಟೋಬರ್ 23ರಂದು ಅವನ ಬಹುದಿನದ ಹಂಬಲದ ಅತಿಥಿ ಪಾಲ್ ಗೋಗ್ಯಾಂ ಬಂದಿಳಿದದ್ದೂ ಬೆಳಕು ಹರಿಯುವ ಮುನ್ನಿನ ರೈಲಿನಿಂದ. ಅದೇ ಜೂನ್ ತಿಂಗಳಲ್ಲಿ ಅವನು ಬರೆದ ಒಂದು ಸಂಜೆಯ ಚಿತ್ರದಲ್ಲಿ ಮಾಗಿದ ಗೋಧಿಹೊಲದ ಹಿಂದೆ, ಮುಳುಗುವ ಸೂರ್ಯನ ಪಕ್ಕದಲ್ಲಿ, ಕಾರ್ಖಾನೆಯ ಚಿಮಣಿಗಳೂ ಓಡುವ ರೈಲಿನ ಹೊಗೆಯೂ ಇವೆ; ಗೋಧಿಯ ತೆನೆಗೆ ಅವು ವಿರೋಧವಾಗಿ ತೋರುವುದಿಲ್ಲ. ಅದಕ್ಕೂ ಹಿಂದೆ, 1887ರಲ್ಲಿ, ಪ್ಯಾರಿಸಿನ ಹೊರವಲಯದ ಕ್ಲಿಶಿಯ ಕಾರ್ಖಾನೆಗಳನ್ನೇ ಅವನು ಚಿತ್ರದ ವಸ್ತುವಾಗಿ ಮಾಡಿಕೊಂಡಿದ್ದ. ಇನ್ನೂ ಹಿಂದಕ್ಕೆ ಹೋದರೆ, ಚಿತ್ರಕಾರನಾಗುವುದಕ್ಕೆ ಮೊದಲು ಬೆಲ್ಜಿಯಮ್ಮಿನ ಬೊರಿನಾಜ್ ಎಂಬ ಕಲ್ಲಿದ್ದಲ ಸೀಮೆಯಲ್ಲಿ ಗಣಿಗಾರರ ನಡುವೆ ಧರ್ಮೋಪದೇಶಕನಾಗಿದ್ದು, ಇದ್ದ ಬಟ್ಟೆಬರೆಗಳನ್ನು ಅವರಿಗೆ ಕೊಟ್ಟು ಹುಲ್ಲಿನ ಮೇಲೆ ಮಲಗಿದವನು. ಅಂಥವನಿಗೆ ಹೊಗೆಕೊಳವೆಯ ಕೆಳಗೆ ಮನುಷ್ಯರಿರುತ್ತಾರೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೋಲಿಕೆಗೆ ಗೋಗ್ಯಾಂನ ಚಿತ್ರವನ್ನು ನೋಡಬಹುದು. ಅಕ್ಟೋಬರಿನ ಕೊನೆಯ ದಿನಗಳಲ್ಲಿ ಇಬ್ಬರೂ ಚಿತ್ರಫಲಕಗಳನ್ನು ಹೊತ್ತು ಆಲಿಸ್ಕಾಂಗೆ ಹೋದರು. ಇಬ್ಬರಿಗೂ ಅದೇ ಶರತ್ಕಾಲ, ಅದೇ ನೆಲ. ಗೋಗ್ಯಾಂ ಕಾಲುವೆಯ ದಂಡೆಯನ್ನೂ ಉರಿಯುವ ಬಣ್ಣದ ಪೊದೆಗಳನ್ನೂ ಚರ್ಚಿನ ಗೋಪುರವನ್ನೂ ಅದರ ಮುಂದೆ ನಿಂತ ಆರ್ಲಿನ ಹೆಂಗಸರನ್ನೂ ಬರೆದ. ಆ ಚಿತ್ರ ಇಂದು ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಚಿಮಣಿಯಿಲ್ಲ, ಅಷ್ಟೇಕೆ, ಗೋರಿಗಳೇ ಇಲ್ಲ. ವಿನೋದಕ್ಕಾಗಿ ಅವನು ಅದನ್ನು ವೀನಸ್ ದೇಗುಲದ ಮುಂದಿನ ಮೂವರು ದೇವಿಯರೆಂದು ಕರೆದ. ಬಹು ಸುಂದರವಾದ ಚಿತ್ರ. ಆದರೆ ಅದನ್ನು ನೋಡಿ ಆ ಸ್ಥಳಕ್ಕೆ ಹೋದವನು ದಾರಿ ತಪ್ಪುವುದು ಖಂಡಿತ. ಗೋಗ್ಯಾಂ ಕಲ್ಪನೆಯಿಂದ ಬರೆಯುವುದೇ ಶ್ರೇಷ್ಠವೆಂದು ನಂಬಿದವನು. ವ್ಯಾನ್ ಗೋ ಎದುರಿಗಿದ್ದುದನ್ನು ಬಿಡಲಾರದವನು. ಅವರಿಬ್ಬರ ಜಗಳದ ಬೀಜವೊಂದು ಈ ಎರಡು ಚಿತ್ರಗಳ ನಡುವೆಯೇ ಬಿದ್ದಿತ್ತೆಂದು ನನಗೆ ತೋರುತ್ತದೆ. ಡಿಸೆಂಬರ್ 23ರ ರಾತ್ರಿ ಆ ಜಗಳ ಎಲ್ಲಿಗೆ ಮುಟ್ಟಿತೆಂಬುದನ್ನು ಬಲ್ಲವರೇ ಹೆಚ್ಚು. ಕಿವಿಯ ಆ ಕಥೆ ಚಿತ್ರಗಳಿಗಿಂತ ಹೆಚ್ಚು ಪ್ರಸಿದ್ಧವಾದದ್ದು ನಮ್ಮ ದುರ್ದೈವ.

ಈಗ ನನ್ನ ಗೋಡೆಯ ಚಿತ್ರಕ್ಕೆ ಬರೋಣ. ಅದರಲ್ಲಿ ನೇರವಾಗಿ ಮೇಲಕ್ಕೇಳುವ ಗೆರೆಗಳೇ ಪ್ರಧಾನ. ಮರದ ಕಾಂಡಗಳು ಕಂಬಗಳಂತೆ ಏಳುತ್ತವೆ. ಅವುಗಳ ಹಿಂದೆ ಚಿಮಣಿಗಳೂ ಏಳುತ್ತವೆ. ಕಣ್ಣು ಕಿರಿದುಮಾಡಿ ನೋಡಿದರೆ ಯಾವುದು ಕಾಂಡ, ಯಾವುದು ಕೊಳವೆಯೆಂಬ ಭೇದ ತುಸು ಮಸುಕಾಗುತ್ತದೆ. ಪ್ರತಿಭಟನೆ ಮಾಡಬೇಕೆಂದಿದ್ದವನು ಚಿಮಣಿಯನ್ನು ದೊಡ್ಡದಾಗಿ, ಕರಿದಾಗಿ ಬರೆದು ಗೋರಿಗಳ ಮೇಲೆ ಅದರ ನೆರಳನ್ನು ಕೆಡವುತ್ತಿದ್ದ. ಸೌಂದರ್ಯವೇ ಸಾಕೆಂದವನು ಅದನ್ನು ಎಲೆಗಳಲ್ಲಿ ಮುಚ್ಚಿಬಿಡುತ್ತಿದ್ದ. ಹಳದಿ ಬಣ್ಣದ ನಾಲ್ಕು ಹೊಡೆತಗಳು ಸಾಕಾಗಿದ್ದುವು. ಅವನು ಎರಡನ್ನೂ ಮಾಡಲಿಲ್ಲ. ಊರಿನ ಅಂಚಿನಲ್ಲಿ ಅವು ಹೇಗಿದ್ದುವೋ ಹಾಗೆ, ನೆರೆಮನೆಯವರಂತೆ, ಒಂದರ ಹಿಂದೆ ಒಂದನ್ನು ಇಟ್ಟ. ಸತ್ತವರು ಮುಂದೆ, ದುಡಿಯುವವರು ಹಿಂದೆ, ನಡುವಿನ ಹಾದಿಯಲ್ಲಿ ಯಾವುದನ್ನೂ ಗಮನಿಸದೆ ನಡೆಯುವ ಜನ.

ಆದರೆ ಇಲ್ಲಿ ನನ್ನ ವ್ಯಾಖ್ಯಾನಕ್ಕೆ ಎದುರಾಗುವ ಒಂದು ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ. ಆಲಿಸ್ಕಾಂ ಕುರಿತು ವ್ಯಾನ್ ಗೋ ಒಟ್ಟು ನಾಲ್ಕು ಚಿತ್ರಗಳನ್ನು ಬರೆದ. ಮೊದಲನೆಯ ಎರಡರಲ್ಲಿ ಅವನು ಹಾದಿಯಲ್ಲಿಯೇ ನಿಂತು ಉದ್ದಕ್ಕೂ ನೋಡುತ್ತಾನೆ. ನನ್ನಲ್ಲಿರುವುದು ಆ ಜೋಡಿಗೆ ಸೇರಿದ್ದು. ಅನಂತರ ಗೋಗ್ಯಾಂ ಕೊಂಡು ತಂದಿದ್ದ ಸೆಣಬಿನ ಒರಟುಬಟ್ಟೆಯ ಮೇಲೆ ಇನ್ನೆರಡನ್ನು ಬರೆದ. ಅವುಗಳಲ್ಲಿ ಎತ್ತರದ ದಂಡೆಯಿಂದ, ಮರದ ಕಾಂಡಗಳ ನಡುವಿನಿಂದ, ಹಾದಿಯನ್ನು ಕೆಳಗೆ ನೋಡುತ್ತಾನೆ. ಕಾಂಡಗಳು ಚೌಕಟ್ಟಿನ ಅಂಚಿಗೆ ಕತ್ತರಿಸಿಹೋಗಿವೆ, ಆಕಾಶವೇ ಇಲ್ಲವೆನ್ನಬಹುದು, ನೆಲವೆಲ್ಲ ಉದುರಿದ ಎಲೆಗಳ ಜಮಖಾನೆ. ಥಿಯೋನಿಗೆ ಬರೆದ ಪತ್ರದಲ್ಲಿ ಅವನು ಉತ್ಸಾಹದಿಂದ ವರ್ಣಿಸಿರುವುದು ಈ ಎರಡನೆಯ ಜೋಡಿಯನ್ನು: ಕಾಂಡಗಳ ನೇರಳೆ, ಕಲ್ಲುಗಳ ನೀಲಿ, ಹಿಮದಂತೆ ಬೀಳುತ್ತಲೇ ಇರುವ ಎಲೆಗಳು, ಪ್ರೇಮಿಗಳ ಕಪ್ಪು ಆಕೃತಿಗಳು. ಅಲ್ಲಿ ಚಿಮಣಿಗೆ ಎಡೆಯೇ ಇಲ್ಲ. ಆಕಾಶವನ್ನು ಬಿಟ್ಟೊಡನೆ ಆಕಾಶಕ್ಕೆ ಏರುವುದೂ ಬಿಟ್ಟುಹೋಯಿತು.

ಹಾಗಾದರೆ ಕೆಲವೇ ದಿನಗಳಲ್ಲಿ ಅವನೂ ಗೋಗ್ಯಾಂನ ದಾರಿಗೆ ಬಂದನೆ? ಗೆಳೆಯನ ಮಾತಿಗೆ ಮಣಿದು ಕಂಡದ್ದನ್ನು ಬಿಡಲು ಕಲಿತನೆ? ಚಿತ್ರಕಲೆಯ ದೃಷ್ಟಿಯಿಂದ ಎರಡನೆಯ ಜೋಡಿಯೇ ಹೆಚ್ಚು ಸಾಹಸದ್ದೆಂದು ಬಲ್ಲವರ ಅಭಿಪ್ರಾಯ. ನಾನು ಅದನ್ನು ಒಪ್ಪಲೇಬೇಕು. ಬಣ್ಣದ ಧೈರ್ಯ ಅಲ್ಲಿ ಹೆಚ್ಚು. ಆದರೂ ನನ್ನ ಗೋಡೆಯ ಮೇಲೆ ಅವೆರಡರಲ್ಲಿ ಒಂದನ್ನು ತೂಗಹಾಕೆಂದರೆ ನಾನು ಒಲ್ಲೆ. ಇದು ಕಲಾವಿಮರ್ಶೆಯ ತೀರ್ಪಲ್ಲ, ಮಗನ ಪಕ್ಷಪಾತ ಎಂದು ಯಾರಾದರೂ ಹೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಮೊದಲ ಜೋಡಿಯ ಚಿತ್ರವೊಂದು 2015ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 6 ಕೋಟಿ 63 ಲಕ್ಷ ಡಾಲರಿಗೆ ಮಾರಾಟವಾಯಿತು. ಅದನ್ನು ಓದಿದ ದಿನ ನನ್ನ ಹರುಕು ಪಂಚಾಂಗದ ಹಾಳೆಯನ್ನು ತುಸು ಗೌರವದಿಂದ ಒರಸಿದೆನೆಂದು ಒಪ್ಪಿಕೊಳ್ಳುತ್ತೇನೆ.

ಆರ್ಲಿನಲ್ಲಿ ಅನಂತರ ನಡೆದದ್ದೂ ಕೇಳಬೇಕಾದ್ದೇ. ಹಳದಿ ಮನೆ 1944ರ ಬಾಂಬುದಾಳಿಯಲ್ಲಿ ನೆಲಸಮವಾಯಿತು. ಗೋರಿಗಳು ಉಳಿದುವು, 1981ರಲ್ಲಿ ಆರ್ಲಿನ ಇತರ ರೋಮನ್ ಅವಶೇಷಗಳೊಡನೆ ಅವೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಸಾಯುವ ಸರದಿ ಮುಂದೆ ಬಂದದ್ದು ಕಾರ್ಯಾಗಾರಕ್ಕೆ. 1984ರಲ್ಲಿ ಅದರ ಬಾಗಿಲು ಮುಚ್ಚಿತು. ನನ್ನ ತಂದೆಯವರು ಮೈಸೂರಿನ ಮನೆಯಲ್ಲಿ ಚಹ ಕುಡಿಯುತ್ತ ಆ ಚಿಮಣಿಯನ್ನು ಗುರುತಿಸಿದಾಗ ಅದು ಆರಿ ಎರಡು ವರ್ಷವಾಗಿತ್ತು. ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬಹುಕಾಲ ಪಾಳುಬಿದ್ದಿದ್ದ ಆ ಕಟ್ಟಡಗಳು ಈಗ ಕಲಾಪ್ರದರ್ಶನದ ಭವನಗಳಾಗಿವೆ. ಅವುಗಳ ನಡುವೆ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಗೇರಿ ರಚಿಸಿದ, ಉಕ್ಕಿನ ಫಲಕಗಳಿಂದ ಹೊಳೆಯುವ ಎತ್ತರದ ಗೋಪುರವೊಂದು 2021ರ ಜೂನ್ ತಿಂಗಳಲ್ಲಿ ತೆರೆಯಿತು. ವ್ಯಾನ್ ಗೋ ಬರೆದ ನಕ್ಷತ್ರಗಳ ರಾತ್ರಿ ಅದಕ್ಕೆ ಸ್ಫೂರ್ತಿಗಳಲ್ಲಿ ಒಂದೆಂದು ಹೇಳುತ್ತಾರೆ. ಸ್ಮಶಾನದ ನೆಲವನ್ನು ಕಾರ್ಖಾನೆ ತೆಗೆದುಕೊಂಡಿತು. ಕಾರ್ಖಾನೆಯ ನೆಲವನ್ನು ಚಿತ್ರಕಾರನ ಕೀರ್ತಿ ತೆಗೆದುಕೊಂಡಿತು. ಕೆತ್ತನೆಯ ಶವಪೆಟ್ಟಿಗೆಗಳಿಗೆ ಸಂಗ್ರಹಾಲಯದಲ್ಲಿ ಸ್ಥಳ ದೊರೆತಿದೆ. ಅಲ್ಲಿ ತಲೆಮಾರುಗಳ ಕಾಲ ಸುತ್ತಿಗೆ ಬೀಸಿದವರ ಬುತ್ತಿಯ ಡಬ್ಬಿಗಳು ಎಲ್ಲಿಗೆ ಹೋದುವೆಂದು ಕೇಳುವ ಮನಸ್ಸಾಗುತ್ತದೆ.

ನಾನು ಆರ್ಲನ್ನು ಕಂಡವನಲ್ಲ. ಕಾಣುವ ವಯಸ್ಸೂ ಮೀರಿತು. ಗ್ರಂಥಾಲಯದಲ್ಲಿ ಆ ವಾಕ್ಯವನ್ನು ಓದಿದ ವರ್ಷ, ಎಂದರೆ 1988ರಲ್ಲಿ, ಚಿತ್ರಕ್ಕೆ ಸರಿಯಾಗಿ ನೂರು ತುಂಬಿದ ದೀಪಾವಳಿಯ ರಜೆಗೆ ಹುಬ್ಬಳ್ಳಿಗೆ ಹೋಗಿದ್ದೆ. ತಂದೆಯವರ ಆರೋಗ್ಯ ಆಗಲೇ ಕೆಟ್ಟಿತ್ತು. ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದರು. ಅವರ ಪಕ್ಕದಲ್ಲಿ ಕುಳಿತು, ಅಪ್ಪಾ, ನೀವು ಹೇಳಿದ್ದೇ ಖರೆ, ಅದು ರೈಲ್ವೆ ವರ್ಕ್‌ಶಾಪೇ ಎಂದೆ. ಯಾವುದು ಎಂದು ಕೇಳಲಿಲ್ಲ; ಎರಡು ವರ್ಷದ ಹಿಂದಿನ ಆ ಮಾತು ಅವರಿಗೂ ನೆನಪಿತ್ತು. ಎಷ್ಟು ಮಂದಿ ಕೆಲಸಕ್ಕಿದ್ದರು, ಎಂಜಿನ್ ಮಾಡುತ್ತಿದ್ದರೋ ಡಬ್ಬಿ ಮಾಡುತ್ತಿದ್ದರೋ ಎಂದು ವಿಚಾರಿಸಿದರು. ತಿಳಿದಷ್ಟು ಹೇಳಿದೆ. ಸ್ಮಶಾನದ ಕಥೆಯನ್ನೂ, ನದಿಯಲ್ಲಿ ತೇಲಿಬಂದ ಪೀಪಾಯಿಗಳ ಕಥೆಯನ್ನೂ ಹೇಳಿದೆ. ಅದರಲ್ಲಿ ಅವರಿಗೆ ಅಷ್ಟು ಆಸಕ್ತಿಯಿದ್ದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು:

“ಆ ಕಲ್ಲಿನ ಪೆಟಗಿ ಎಷ್ಟ ಎತ್ತರ ಇರಬಹುದು?”

ಮೊಣಕಾಲುದ್ದ, ಸೊಂಟದುದ್ದ ಇರಬಹುದು ಎಂದೆ.

“ಮ್ಯಾಲೆ ಗಿಡದ ನೆರಳೂ ಐತಿ. ಹಂಗಾದ್ರ ಮಧ್ಯಾಹ್ನದ ಭೋಂಗಾ ಆತಂದ್ರ ಮಂದಿ ಎಲ್ಲಾ ಅಲ್ಲೇ ಬಂದು ಬುತ್ತಿ ಬಿಚ್ಚಿರತಾರ ನೋಡು.”

ಯಾವ ಗ್ರಂಥದಲ್ಲಿಯೂ ನಾನು ಇದನ್ನು ಓದಿಲ್ಲ. ಮೈಸೂರಿಗೆ ಮರಳಿದ ಮೇಲೆ ದೀಪವನ್ನು ಹತ್ತಿರ ಹಿಡಿದು ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಕಲ್ಲುಗಳ ಮೇಲೆ ಯಾರೂ ಕುಳಿತಿಲ್ಲ. ಅವನು ಹಲಗೆ ಹೂಡಿದ್ದು ಊಟದ ಹೊತ್ತು ಕಳೆದ ಮೇಲೆ ಇದ್ದೀತು. ಜನರೆಲ್ಲ ಒಳಗೆ ಹೋಗಿದ್ದರು.